ಕವಿಯೂ ಕಟಕಟೆಯೂ

ಟೂಪಾಕ್ ಅಮಾರು ಶಕೂರನೆಂಬ ಅಮೆರಿಕದ ರ‍್ಯಾಪ್ ಹಾಡುಗಾರನು 1996ನೆಯ ಇಸವಿ ಸೆಪ್ಟೆಂಬರ್ 13ರಂದು, ತನ್ನ 25ನೆಯ ವಯಸ್ಸಿನಲ್ಲಿ, ಗುಂಡೇಟಿನಿಂದ ಮೃತನಾದನು. ಅಂದಿನಿಂದ ಇಂದಿನವರೆಗೆ ಅವನ ವಿಷಯವಾಗಿ ನಡೆದುಬಂದಿರುವ ವಾದವು ಇನ್ನೂ ನಿಂತಿಲ್ಲ. ಆದರೆ ವಾದಿಸುವವರ ಮಾತುಗಳನ್ನು ಸಮಾಧಾನಚಿತ್ತದಿಂದ ಕೇಳಿದವರಿಗೆ ಒಂದು ಸೋಜಿಗವು ತೋರದಿರದು. ಒಂದು ಪಕ್ಷದವರು ಅವನ ಹಾಡುಗಳನ್ನೇ ಅವನ ಅಪರಾಧಗಳೆಂದು ಎಣಿಸುತ್ತಾರೆ; ಇನ್ನೊಂದು ಪಕ್ಷದವರು ಅವನ ಅಪರಾಧವನ್ನು ಅವನ ಹಾಡುಗಳಿಂದ ತೊಳೆದುಬಿಡುತ್ತಾರೆ. ಮೊದಲಿನವರಿಗೆ ಕಾವ್ಯವೆಂದರೇನೆಂಬುದು ತಿಳಿಯದು. ಎರಡನೆಯವರಿಗೆ ನ್ಯಾಯವೆಂದರೇನೆಂಬುದು ಬೇಡ. ಇಬ್ಬರೂ ಗಟ್ಟಿಯಾಗಿ ಕೂಗುತ್ತಿರುವುದರಿಂದ, ಕೇಳುವವರಿಗೆ ಈ ಎರಡಲ್ಲದೆ ಮೂರನೆಯ ದಾರಿಯೇ ಇಲ್ಲವೆಂಬ ಭ್ರಮೆಯುಂಟಾಗಿದೆ.

ಈ ಅಬ್ಬರದ ಹಾಡಿಗೂ ಸಾಹಿತ್ಯ ಪತ್ರಿಕೆಗೂ ಏನು ಸಂಬಂಧವೆಂದು ವಿದ್ಯಾವಂತ ಗೃಹಸ್ಥರಲ್ಲಿ ಕೆಲವರು ಹುಬ್ಬೇರಿಸಬಹುದು. ಹಾಗೆ ಕೇಳುವವರ ಮನೆಯ ಮಕ್ಕಳೇ ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಈ ಹಾಡುಗಳನ್ನು ಬಾಯಿಪಾಠ ಮಾಡಿರುತ್ತಾರೆಂಬುದು ಒಂದು ಉತ್ತರ. ಅದಕ್ಕಿಂತ ಗಟ್ಟಿಯಾದ ಉತ್ತರವು ಹಾಡಿನ ಸ್ವರೂಪದಲ್ಲಿಯೇ ಇದೆ. ರ‍್ಯಾಪ್ ಎಂಬುದು ರಾಗವನ್ನು ಬಿಟ್ಟು ತಾಳವನ್ನು ಹಿಡಿದ ಕಾವ್ಯ. 1973ರ ಆಗಸ್ಟಿನಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಒಂದು ವಸತಿಕಟ್ಟಡದಲ್ಲಿ, ಜಮೈಕಾ ದ್ವೀಪದಿಂದ ಬಂದ ಕೂಲ್ ಹರ್ಕ್ ಎಂಬ ತರುಣನು ಎರಡು ಗ್ರಾಮಫೋನ್ ತಟ್ಟೆಗಳನ್ನು ಒಂದರ ಬೆನ್ನಿಗೊಂದು ತಿರುಗಿಸಿ, ಹಾಡಿನೊಳಗಣ ಬರಿಯ ತಾಳದ ಭಾಗವನ್ನೇ ಬೆಳೆಯಿಸಿ ಜನರನ್ನು ಕುಣಿಸಿದನು. ಆ ತಾಳದ ಮೇಲೆ ಮಾತು ಕೂಡಿತು. ಮಾತಿಗೆ ಪ್ರಾಸ ಕೂಡಿತು. ನಾಲ್ಕು ಪೆಟ್ಟಿನ ಒಂದು ಪಾದ, ಪಾದದ ಕೊನೆಯಲ್ಲಿ ಪ್ರಾಸ, ಬಲ್ಲವನಾದರೆ ನಡುವೆಯೂ ಒಂದೆರಡು ಒಳಪ್ರಾಸಗಳು, ಮತ್ತು ಪೆಟ್ಟಿಗೆ ಸ್ವಲ್ಪ ಮುಂದಾಗಿಯೋ ಹಿಂದಾಗಿಯೋ ಮಾತನ್ನು ಇಳಿಸುವ ಚಳಕ, ಇದೇ ಅದರ ಛಂದಸ್ಸು. ಪ್ರಾಸದ ಸಂಕೋಲೆಯನ್ನು ಕಳಚಿದುದೇ ಹೊಸಗನ್ನಡ ಕಾವ್ಯದ ಬಿಡುಗಡೆಯೆಂದು ಓದಿ ಬೆಳೆದವರಿಗೆ, ಪ್ರಾಸವನ್ನೇ ಆಯುಧವಾಗಿ ಹಿಡಿದು ಹೊರಟ ಜನರನ್ನು ಕಂಡು ಆಶ್ಚರ್ಯವಾದೀತು. ಆದರೆ ಅಚ್ಚಿನ ಮನೆಯೂ ಪಾಠಶಾಲೆಯೂ ಕೈಗೆಟುಕದ ಜನರಿಗೆ ಪ್ರಾಸವು ಅಲಂಕಾರವಲ್ಲ, ನೆನಪಿನ ಸಾಧನ. ಇದನ್ನು ಕಾವ್ಯವಲ್ಲವೆನ್ನುವವನು ಲಾವಣಿಯನ್ನೂ ಕಾವ್ಯವಲ್ಲವೆನ್ನಬೇಕಾದೀತು.

ಶಕೂರನ ಚರಿತ್ರೆಯು ಅವನ ತಾಯಿಯಿಂದ ಮೊದಲಾಗತಕ್ಕದ್ದು. ಅಫೇನಿ ಶಕೂರ್ ಎಂಬ ಆಕೆಯು ನಾರ್ತ್ ಕ್ಯಾರೊಲೈನಾದಲ್ಲಿ ಹುಟ್ಟಿ, ನ್ಯೂಯಾರ್ಕಿಗೆ ಬಂದು, ಬ್ಲ್ಯಾಕ್ ಪ್ಯಾಂಥರ್ ಪಕ್ಷವನ್ನು ಸೇರಿದವಳು. (ಈ ಪಕ್ಷದ ಹೆಸರಿನಿಂದಲೇ ಸ್ಫೂರ್ತಿಗೊಂಡು 1972ರಲ್ಲಿ ಮುಂಬಯಿಯ ದಲಿತ ತರುಣ ಲೇಖಕರು ತಮ್ಮ ಸಂಘವನ್ನು ದಲಿತ ಪ್ಯಾಂಥರ್ಸ್ ಎಂದು ಕರೆದುಕೊಂಡರೆಂಬುದು ವಾಚಕರಿಗೆ ತಿಳಿದ ವಿಷಯ.) 1969ರಲ್ಲಿ ಆ ಪಕ್ಷದ 21 ಮಂದಿಯ ಮೇಲೆ ಪೊಲೀಸ್ ಠಾಣೆಗಳನ್ನೂ ಅಂಗಡಿಗಳನ್ನೂ ಬಾಂಬಿನಿಂದ ಉಡಾಯಿಸುವ ಒಳಸಂಚಿನ ಆರೋಪವನ್ನು ಹೊರಿಸಲಾಯಿತು. ಗರ್ಭಿಣಿಯಾಗಿದ್ದ ಅಫೇನಿಯು ವಕೀಲನನ್ನು ಬಯಸದೆ ತನ್ನ ಪಕ್ಷವನ್ನು ತಾನೇ ವಾದಿಸಿದಳು. ಕಾನೂನನ್ನು ಓದಿದವಳಲ್ಲ, ಆದರೂ ವೇಷ ಮರೆಸಿಕೊಂಡು ಪಕ್ಷದೊಳಗೆ ಸೇರಿದ್ದ ಪತ್ತೇದಾರನನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಿದಳು. 1971ರ ಮೇ 13ರಂದು ವಿಚಾರಣೆಗೆ ಗುರಿಯಾದವರೆಲ್ಲರೂ ಸಕಲ ಆರೋಪಗಳಿಂದಲೂ ಬಿಡುಗಡೆ ಹೊಂದಿದರು. ಅದಾದ ಒಂದು ತಿಂಗಳಿಗೆ, ಜೂನ್ 16ರಂದು, ಮಗನು ಹುಟ್ಟಿದನು. ಆಕೆಯು ಅವನಿಗೆ ಇಟ್ಟ ಹೆಸರು ಪೆರು ದೇಶದಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ 1780ರಲ್ಲಿ ದಂಗೆಯೆದ್ದು, ಮರುವರ್ಷ ಕುಸ್ಕೋ ಪಟ್ಟಣದ ಚೌಕದಲ್ಲಿ ಕೊಲ್ಲಲ್ಪಟ್ಟ ಎರಡನೆಯ ಟೂಪಾಕ್ ಅಮಾರುವಿನದು. ಹೆಸರಿನ ಭಾರವು ಸಾಮಾನ್ಯವಾದುದಲ್ಲ. ಮಕ್ಕಳಿಗೆ ದೇವರ ಹೆಸರನ್ನಿಡುವವರು ಮಕ್ಕಳಿಂದ ಕೇಳುವುದು ಭಕ್ತಿಯನ್ನು. ವಧೆಯಾದ ವೀರನ ಹೆಸರನ್ನಿಡುವ ತಾಯಿ ಏನನ್ನು ಕೇಳುತ್ತಾಳೆ?

ಮನೆಯಲ್ಲಿ ಬಡತನ, ಒಂದು ಊರಿನಲ್ಲಿ ನೆಲೆಯಿಲ್ಲ. ಮಲತಂದೆಯಾದ ಮುಟುಲು ಶಕೂರನು 1982ರಲ್ಲಿ ಸರ್ಕಾರವು ಹುಡುಕುತ್ತಿದ್ದ ಹತ್ತು ಮಂದಿ ಪ್ರಮುಖ ಆರೋಪಿಗಳ ಪಟ್ಟಿಗೆ ಸೇರಿ, 1986ರಲ್ಲಿ ಸಿಕ್ಕಿಬಿದ್ದನು. ಆದರೆ ಇದೇ ಮನೆಯ ಹುಡುಗನು 1984ರಲ್ಲಿ ಹಾರ್ಲೆಮ್ಮಿನ ಅಪೋಲೋ ರಂಗಮಂದಿರದಲ್ಲಿ ಲೊರೇನ್ ಹ್ಯಾನ್ಸ್‌ಬೆರಿಯ ಪ್ರಸಿದ್ಧ ನಾಟಕದ ಬಾಲಪಾತ್ರವನ್ನು ಅಭಿನಯಿಸಿದನು. ಬಾಲ್ಟಿಮೋರ್ ನಗರದ ಕಲಾಶಾಲೆಯಲ್ಲಿ ನಾಟಕ, ಕವಿತೆ, ಜಾಸ್ ಸಂಗೀತ, ಬ್ಯಾಲೆ ನೃತ್ಯ ಇವನ್ನು ಕಲಿತನು. ಷೇಕ್ಸ್‌ಪಿಯರನ ನಾಟಕಗಳಲ್ಲಿ ವೇಷ ಹಾಕಿದನು. ಅವನನ್ನು ಬೀದಿಯ ಪುಂಡನೆಂದು ಕರೆದವರಾಗಲಿ, ತಾನು ಬೀದಿಯ ಪುಂಡನೆಂದು ಅವನೇ ಮುಂದೆ ಹೇಳಿಕೊಂಡಾಗ ನಂಬಿದವರಾಗಲಿ, ಈ ಕಲಾಶಾಲೆಯನ್ನು ನೆನಪಿಗೆ ತಂದುಕೊಳ್ಳುವುದಿಲ್ಲ. 1988ರಲ್ಲಿ ಸಂಸಾರವು ಕ್ಯಾಲಿಫೋರ್ನಿಯಾದ ಮರೀನ್ ಸಿಟಿಗೆ ಹೋಯಿತು. ಶಾಲೆ ತಪ್ಪಿತು. ಅಷ್ಟು ಹೊತ್ತಿಗೆ, ನ್ಯಾಯಾಲಯವನ್ನೇ ಗೆದ್ದಿದ್ದ ತಾಯಿಯು ಕ್ರ್ಯಾಕ್ ಎಂಬ ಮಾದಕವಸ್ತುವಿಗೆ ಸೋತಿದ್ದಳು. ಮಗನು ಡಿಜಿಟಲ್ ಅಂಡರ್‌ಗ್ರೌಂಡ್ ಎಂಬ ಮೇಳದಲ್ಲಿ ಸಾಮಾನು ಹೊರುವವನಾಗಿ, ಹಿನ್ನೆಲೆಯಲ್ಲಿ ಕುಣಿಯುವವನಾಗಿ ಸೇರಿ, 1991ರಲ್ಲಿ ಅವರ ಹಾಡೊಂದರಲ್ಲಿ ಕೆಲವು ಪಾದಗಳನ್ನು ಹೇಳುವ ಅವಕಾಶವನ್ನು ಪಡೆದನು.

ಅದೇ ವರ್ಷದ ನವೆಂಬರಿನಲ್ಲಿ 'ಟೂಪ್ಯಾಕಲಿಪ್ಸ್ ನೌ' ಎಂಬ ಅವನ ಮೊದಲ ಸಂಪುಟವು ಹೊರಬಿತ್ತು. ಅದರಲ್ಲಿ ಬ್ರೆಂಡಾ ಎಂಬ 12 ವರ್ಷದ ಹುಡುಗಿಯ ಕಥನವೊಂದಿದೆ. ಪತ್ರಿಕೆಯಲ್ಲಿ ಬಂದ ಒಂದು ವರದಿಯನ್ನು ಓದಿ ಶಕೂರನು ಇದನ್ನು ಕಟ್ಟಿದನು. ಓದಲು ಬಾರದ ಹುಡುಗಿ. ಹತ್ತಿರದ ಬಂಧುವಿನಿಂದಲೇ ಬಸಿರಾಗುತ್ತಾಳೆ. ಯಾರಿಗೂ ತಿಳಿಯದಂತೆ ಹೆತ್ತು, ಕೂಸನ್ನು ಕಸದ ಪಾಲು ಮಾಡುತ್ತಾಳೆ. ಅದರ ಅಳುವನ್ನು ಕೇಳಲಾರದೆ ಮತ್ತೆ ಎತ್ತಿಕೊಳ್ಳುತ್ತಾಳೆ. ಮನೆಯಿಂದ ಹೊರಬಿದ್ದು, ಮೈ ಮಾರಿಕೊಂಡು, ಕೊನೆಗೆ ಕೊಲೆಯಾಗುತ್ತಾಳೆ. ಹಾಡಿನಲ್ಲಿ ಪಲ್ಲವಿಯಿದ್ದರೂ ಕಥನದ ನಡುವೆ ಅದು ಬಂದು ಉಸಿರಾಡಗೊಡುವುದಿಲ್ಲ. ಒಂದೇ ಓಟದಲ್ಲಿ ಕಥೆಯು ಕೆಳಗಿಳಿಯುತ್ತ ಹೋಗುತ್ತದೆ. 20 ವರ್ಷದ ತರುಣನೊಬ್ಬನು, ಹುಡುಗಿಯನ್ನು ಬಯ್ಯದೆ, ತಾನು ಮರುಗುತ್ತಿದ್ದೇನೆಂದು ಎದೆ ಬಡಿದುಕೊಳ್ಳದೆ, ನೆರೆಹೊರೆಯವರೆಲ್ಲರೂ ನೋಡಿ ನೋಡದಂತಿದ್ದುದನ್ನು ಎತ್ತಿ ಆಡಿದನು. ಈ ಹಾಡಿನ ಬಲದ ಮುಂದೆ ಅವನ ಮೇಲಣ ಅನೇಕ ಆಕ್ಷೇಪಣೆಗಳು ಸಣ್ಣವಾಗಿ ಕಾಣುತ್ತವೆ, ಎಲ್ಲವೂ ಅಲ್ಲ.

ಅದೇ ಸಂಪುಟದಲ್ಲಿ ಪೊಲೀಸರ ಹಿಂಸೆಯ ಮೇಲೂ, ಅದಕ್ಕೆ ಗುಂಡಿನಿಂದ ಉತ್ತರ ಕೊಡುವ ತರುಣರ ಮೇಲೂ ಹಾಡುಗಳಿದ್ದವು. ಸಂಪುಟವು ಹೊರಬೀಳುವುದಕ್ಕೆ ಒಂದು ತಿಂಗಳ ಮುಂಚೆ ಶಕೂರನೇ ಓಕ್ಲೆಂಡ್ ನಗರದಲ್ಲಿ, ನಿಯಮ ಮೀರಿ ರಸ್ತೆಯನ್ನು ದಾಟಿದನೆಂಬ ಕಾರಣಕ್ಕಾಗಿ ಇಬ್ಬರು ಪೊಲೀಸರಿಂದ ನೆಲಕ್ಕೆ ಕೆಡವಲ್ಪಟ್ಟಿದ್ದನು. 1 ಕೋಟಿ ಡಾಲರುಗಳ ಪರಿಹಾರಕ್ಕೆ ಅವನು ಹೂಡಿದ ದಾವೆಯು 40 ಸಾವಿರಕ್ಕೆ ತುಸು ಮೇಲಾದ ಮೊತ್ತಕ್ಕೆ ರಾಜಿಯಾಯಿತು. 1992ರ ಏಪ್ರಿಲ್ ತಿಂಗಳಲ್ಲಿ ಟೆಕ್ಸಾಸ್ ಸಂಸ್ಥಾನದಲ್ಲಿ ಒಬ್ಬ ತರುಣನು, ಕದ್ದ ವಾಹನವನ್ನು ಓಡಿಸುತ್ತಿದ್ದಾಗ ತನ್ನನ್ನು ತಡೆದ ರಸ್ತೆಪಹರೆಯ ಅಧಿಕಾರಿಯನ್ನು ಗುಂಡಿಟ್ಟು ಕೊಂದನು. ಆಗ ತಾನು ಶಕೂರನ ಹಾಡನ್ನು ಕೇಳುತ್ತಿದ್ದೆನೆಂದೂ, ಹಾಡೇ ತನ್ನನ್ನು ಕೆಣಕಿತೆಂದೂ ಕೊಲೆಗಾರನ ಪಕ್ಷದವರು ವಾದಿಸಿದರು. ಅದೇ ಸೆಪ್ಟೆಂಬರಿನಲ್ಲಿ ಉಪಾಧ್ಯಕ್ಷರಾದ ಡ್ಯಾನ್ ಕ್ವೇಲ್ ಅವರು, ಈ ಸಂಪುಟಕ್ಕೆ ಸಮಾಜದಲ್ಲಿ ಸ್ಥಾನವಿಲ್ಲವೆಂದೂ, ಪ್ರಕಟಿಸಿದ ಸಂಸ್ಥೆಯು ಅದನ್ನು ಹಿಂದೆಗೆದುಕೊಳ್ಳಬೇಕೆಂದೂ ಸಾರಿದರು. ಅದು ಚುನಾವಣೆಯ ವರ್ಷವಾಗಿದ್ದಿತೆಂಬುದನ್ನು ಇಲ್ಲಿ ಹೇಳಿದರೆ ಸಾಕು.

ವಿಚಾರಶೀಲರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊಲೆಗಾರನು ತನ್ನ ತಲೆಯನ್ನುಳಿಸಿಕೊಳ್ಳಲು ಹೂಡಿದ ವಾದವನ್ನೇ ರಾಷ್ಟ್ರದ ಎರಡನೆಯ ಅಧಿಕಾರಸ್ಥರು ನೀತಿಬೋಧೆಯಾಗಿ ಎತ್ತಿಕೊಂಡರು. ಆ ವಾದದಿಂದ ನ್ಯಾಯದರ್ಶಿಗಳ ಮನಸ್ಸು ಕರಗಲಿಲ್ಲ. 1993ರಲ್ಲಿ ಅವನಿಗೆ ಮರಣದಂಡನೆಯಾಯಿತು. 2005ರಲ್ಲಿ ಅದು ಜಾರಿಯೂ ಆಯಿತು. ಮೃತ ಅಧಿಕಾರಿಯ ಮನೆಯವರು ಹಾಡುಗಾರನ ಮೇಲೆಯೂ ಕಂಪೆನಿಗಳ ಮೇಲೆಯೂ ಹೂಡಿದ ದಾವೆಯನ್ನು 1997ರಲ್ಲಿ ನ್ಯಾಯಾಲಯವು ತಳ್ಳಿಹಾಕಿತು. ಎಂದರೆ, ಸಾಕ್ಷ್ಯಗಳನ್ನು ತೂಗಿ ನೋಡಿದ ಇಬ್ಬಗೆಯ ನ್ಯಾಯಸ್ಥಾನಗಳಲ್ಲಿಯೂ ಹಾಡು ಕೊಲೆಗಾರನೆನ್ನಿಸಿಕೊಳ್ಳಲಿಲ್ಲ. ಭಾಷಣದ ವೇದಿಕೆಯ ಮೇಲೆ ಮಾತ್ರ ಎನ್ನಿಸಿಕೊಂಡಿತು.

ಆದರೆ ಅದೇ 1992ರ ಆಗಸ್ಟ್ 22ರಂದು, ಉಪಾಧ್ಯಕ್ಷರ ಭಾಷಣಕ್ಕೆ ಕೆಲವೇ ವಾರಗಳ ಮುಂಚೆ, ಮರೀನ್ ಸಿಟಿಯ ಒಂದು ಉತ್ಸವದಲ್ಲಿ ಶಕೂರನ ಕಡೆಯವರಿಗೂ ಬೇರೆಯವರಿಗೂ ಜಗಳವಾಯಿತು. ಶಕೂರನ ಹೆಸರಿನಲ್ಲಿ ನೋಂದಾವಣೆಯಾಗಿದ್ದ ಪಿಸ್ತೂಲಿನಿಂದ ಹಾರಿದ ಗುಂಡೊಂದು, ಆ ಜಗಳದ ಗಂಧವೇ ಇಲ್ಲದ 6 ವರ್ಷದ ಬಾಲಕನಿಗೆ ತಗುಲಿ ಅವನು ಸತ್ತನು. ಹಾರಿಸಿದವನು ಇಂಥವನೆಂದು ಯಾರ ಮೇಲೂ ಅಪರಾಧವು ಸ್ಥಾಪಿತವಾಗಲಿಲ್ಲ. ಬಾಲಕನ ಮನೆಯವರು ಹೂಡಿದ ದಾವೆಯು 1995ರಲ್ಲಿ ರಾಜಿಯಲ್ಲಿ ಮುಗಿಯಿತು. ನೀತಿಯ ರಕ್ಷಕರು ಶಕೂರನನ್ನು ಪ್ರಶ್ನಿಸಬೇಕಾಗಿದ್ದುದು ಇಲ್ಲಿ! ಹಾಡಿನೊಳಗಣ ಬಂದೂಕು ಯಾರನ್ನೂ ಕೊಲ್ಲಲಿಲ್ಲ. ಜಾತ್ರೆಗೆ ತಂದ ಬಂದೂಕು ಒಂದು ಮಗುವನ್ನು ಕೊಂದಿತು. ಹಾಡನ್ನು ಹಿಂದೆಗೆದುಕೊಳ್ಳಿರೆಂದು ಕೂಗಿದ ಬಾಯಿಗಳಿಂದ ಬಂದೂಕನ್ನು ಹಿಂದೆಗೆದುಕೊಳ್ಳಿರೆಂಬ ಮಾತು ಹೊರಡಲಿಲ್ಲ. ಏಕೆಂದರೆ ಆ ದೇಶದಲ್ಲಿ ಬಂದೂಕನ್ನು ಹಿಡಿಯುವ ಹಕ್ಕಿಗೆ ಮತದಾರರ ಬೆಂಬಲವುಂಟು. ಬಡವರ ಹಾಡಿಗೆ ಅದಿಲ್ಲ.

ಕವಿಯ ಪಾತ್ರವನ್ನು ಕವಿಯೆಂದೇ ತಿಳಿಯುವ ಈ ಮೌಢ್ಯವು ಎಲ್ಲ ಕವಿಗಳಿಗೂ ಸಮವಾಗಿ ಹಂಚಿಕೆಯಾಗಿದ್ದರೆ ಅದನ್ನು ಬರಿಯ ಮೌಢ್ಯವೆಂದು ಬಿಡಬಹುದಾಗಿತ್ತು. ಜಾನಿ ಕ್ಯಾಶ್ ಎಂಬ ಬಿಳಿಯ ಗಾಯಕನು 1950ರ ದಶಕದಲ್ಲಿ ವಿನೋದಕ್ಕಾಗಿ ಕೊಲೆ ಮಾಡಿದ ಕೈದಿಯೊಬ್ಬನ ಬಾಯಿಂದ ಹಾಡಿದನು. 1968ರಲ್ಲಿ ಅದೇ ಹಾಡನ್ನು ಫಾಲ್ಸಮ್ ಸೆರೆಮನೆಯೊಳಗೆ ಕೈದಿಗಳ ಮುಂದೆಯೇ ಹಾಡಿ ಕೀರ್ತಿ ಪಡೆದನು. ಅವನು ಯಾರನ್ನು ಕೊಂದನೆಂದು ಯಾವ ಪತ್ತೇದಾರನೂ ಕೇಳಲಿಲ್ಲ. ಕಪ್ಪು ತರುಣರ ಹಾಡುಗಳಾದರೋ ನ್ಯಾಯಾಲಯಗಳಲ್ಲಿ ಸಾಕ್ಷ್ಯಪತ್ರಗಳಾಗಿ ಓದಲ್ಪಡುತ್ತವೆ. ಈ ದುರ್ನೀತಿಯನ್ನು ಕಂಡೇ ಕ್ಯಾಲಿಫೋರ್ನಿಯಾ ಸಂಸ್ಥಾನವು 2022ರಲ್ಲಿ, ಕಲಾಕೃತಿಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಕ್ಕೆ ಕಡಿವಾಣ ಹಾಕುವ ಒಂದು ಕಾನೂನನ್ನು ಮಾಡಿತು. ಆದರೂ ಮರುವರ್ಷವೇ ಜಾರ್ಜಿಯಾದ ನ್ಯಾಯಾಲಯವೊಂದು ಯಂಗ್ ಥಗ್ ಎಂಬ ಹಾಡುಗಾರನ ಮೊಕದ್ದಮೆಯಲ್ಲಿ ಅವನ ಹಾಡಿನ ಸಾಲುಗಳನ್ನು ಷರತ್ತಿನ ಮೇಲೆ ಸಾಕ್ಷ್ಯಕ್ಕೆ ತೆಗೆದುಕೊಂಡಿತು.

ಥಗ್ ಎಂಬ ಈ ಪದದ ಪ್ರಯಾಣವೂ ವಿಚಿತ್ರವಾದುದು. ಕನ್ನಡದ ಠಕ್ಕನ ದಾಯಾದಿಯಾದ ಅದು 1830ರ ದಶಕದಲ್ಲಿ ಸ್ಲೀಮನ್ನನು ನಡೆಸಿದ ಠಕ್ಕರ ಬೇಟೆಯ ವರದಿಗಳ ಮೂಲಕವೂ, ಮುಂದೆ ಸುರಪುರದಲ್ಲಿ ಅಧಿಕಾರ ನಡೆಸಿದ ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ಕಾದಂಬರಿಯ ಮೂಲಕವೂ ಇಂಗ್ಲಿಷಿನಲ್ಲಿ ಬೇರೂರಿ, ಕಡಲನ್ನು ದಾಟಿ, ಕಪ್ಪು ತರುಣರನ್ನು ಹಳಿಯುವ ಮಾತಾಯಿತು. ಆಳುವವರು ತಮಗೆ ಅರ್ಥವಾಗದ ಜನರಿಗೆ ಹಚ್ಚಿದ ಹೆಸರನ್ನು ಶಕೂರನು ತನ್ನ ಹೊಟ್ಟೆಯ ಮೇಲೆ ಹಚ್ಚೆಯಾಗಿ ಚುಚ್ಚಿಸಿಕೊಂಡನು. ಬೈಗುಳವನ್ನು ಬಿರುದಾಗಿ ಮಾಡಿಕೊಳ್ಳುವುದು ಸೋತವರ ಹಳೆಯ ಹಟ. ಅದರಲ್ಲಿ ಧೈರ್ಯವಿದೆ. ಆದರೆ ಬಿರುದನ್ನು ತೊಟ್ಟವನು ಬರಬರುತ್ತ ಅದಕ್ಕೆ ತಕ್ಕಂತೆ ನಡೆಯತೊಡಗುವ ಅಪಾಯವೂ ಇದೆ. ಕಲಾಶಾಲೆಯ ನಟನಿಗೆ ಈ ವೇಷವು ಎಷ್ಟು ಚೆನ್ನಾಗಿ ಒಪ್ಪಿತೆಂದರೆ, ಅವನು ಅದನ್ನು ಕಳಚುವುದನ್ನೇ ಮರೆತನು.

ಇನ್ನು ಎರಡನೆಯ ಪಕ್ಷದವರ ಮಾತಿಗೆ ಬರಬೇಕು. ಇವರು ಭಕ್ತರು. ಗೋಡೆಗಳ ಮೇಲೆ ಶಕೂರನ ಚಿತ್ರವನ್ನು ಬರೆಯುತ್ತಾರೆ, ಅವನನ್ನು ಹುತಾತ್ಮನೆನ್ನುತ್ತಾರೆ, ಅವನು ಸತ್ತೇ ಇಲ್ಲವೆಂದು ನಂಬುವವರೂ ಇವರಲ್ಲಿದ್ದಾರೆ. ಇವರ ಬಳಿ ಅವನ ಅಪರಾಧದ ಮಾತನ್ನೆತ್ತಿದರೆ, ವ್ಯವಸ್ಥೆಯು ಅವನನ್ನು ತುಳಿಯಿತೆಂದು ಉತ್ತರ ಬರುತ್ತದೆ. ತುಳಿದದ್ದುಂಟು. 1993ರಲ್ಲಿ ಅಟ್ಲಾಂಟಾದಲ್ಲಿ ಕರ್ತವ್ಯದ ಮೇಲಿರದ ಇಬ್ಬರು ಪೊಲೀಸರನ್ನು ಅವನು ಗಾಯಗೊಳಿಸಿದ ಮೊಕದ್ದಮೆಯು ಬಿದ್ದುಹೋದುದು, ಅಲ್ಲಿ ಆಕ್ರಮಣವು ಯಾರದೆಂಬುದೇ ಸಂದೇಹಕ್ಕೊಳಗಾದುದರಿಂದ. ಆದರೆ ಅದಾದ ಕೆಲವೇ ದಿನಗಳಲ್ಲಿ, ಅದೇ ನವೆಂಬರಿನಲ್ಲಿ, ನ್ಯೂಯಾರ್ಕಿನ ಹೋಟೆಲೊಂದರ ಕೋಣೆಯಲ್ಲಿ ತನ್ನ ಮೇಲೆ ಶಕೂರನೂ ಅವನ ಸಂಗಡಿಗರೂ ಅತ್ಯಾಚಾರವೆಸಗಿದರೆಂದು 19 ವರ್ಷದ ತರುಣಿಯೊಬ್ಬಳು ದೂರು ಕೊಟ್ಟಳು. ವಿಚಾರಣೆಯಾಯಿತು. 1994ರ ಡಿಸೆಂಬರ್ 1ರಂದು ನ್ಯಾಯದರ್ಶಿಗಳು ಹೆಚ್ಚು ಭಾರವಾದ ಆರೋಪಗಳಿಂದ ಅವನನ್ನು ಬಿಡುಗಡೆ ಮಾಡಿ, ಮೊದಲನೆಯ ದರ್ಜೆಯ ಲೈಂಗಿಕ ದೌರ್ಜನ್ಯದ ಅಪರಾಧವು ಸ್ಥಾಪಿತವಾಗಿದೆಯೆಂದು ತೀರ್ಪಿತ್ತರು. 1995ರ ಫೆಬ್ರವರಿಯಲ್ಲಿ ಒಂದೂವರೆಯಿಂದ ನಾಲ್ಕೂವರೆ ವರ್ಷಗಳ ಸೆರೆಯನ್ನು ವಿಧಿಸಲಾಯಿತು. ಶಕೂರನು ಅಪರಾಧವನ್ನು ಕೊನೆಯವರೆಗೂ ನಿರಾಕರಿಸಿದನು.

ತೀರ್ಪಿನ ಹಿಂದಿನ ರಾತ್ರಿ ಮ್ಯಾನ್‌ಹಟನ್ನಿನ ಕ್ವಾಡ್ ಧ್ವನಿಮುದ್ರಣ ಶಾಲೆಯ ಹಜಾರದಲ್ಲಿ ದರೋಡೆಗಾರರು ಅವನಿಗೆ ಗುಂಡಿಟ್ಟರು. ತಲೆಗೆ ಪಟ್ಟಿ ಕಟ್ಟಿಕೊಂಡು ಗಾಲಿಕುರ್ಚಿಯಲ್ಲಿ ಅವನು ನ್ಯಾಯಾಲಯಕ್ಕೆ ಬಂದನು. ಆ ಚಿತ್ರವನ್ನು ಲೋಕವು ಮರೆಯಲಿಲ್ಲ. ಯಾವ ತರುಣಿಯ ಸಲುವಾಗಿ ಆ ನ್ಯಾಯಾಲಯವು ಕುಳಿತಿತ್ತೋ ಆಕೆಯನ್ನು ಮರೆಯಿತು. 1995ರಲ್ಲಿ ವೈಬ್ ಎಂಬ ಪತ್ರಿಕೆಯು ಸೆರೆಯಲ್ಲಿದ್ದ ಶಕೂರನ ಸಂದರ್ಶನವನ್ನು ಪ್ರಕಟಿಸಿದ ಬಳಿಕ, ಆಕೆಯೂ ಆ ಪತ್ರಿಕೆಗೆ ಕಾಗದ ಬರೆದು ನಡೆದುದನ್ನು ತನ್ನ ಬಾಯಿಂದ ಹೇಳಿಕೊಳ್ಳಬೇಕಾಯಿತು. ಅವನ ಸಂದರ್ಶನವನ್ನು ಭಕ್ತರು ಇಂದಿಗೂ ಓದುತ್ತಾರೆ. ಆಕೆಯ ಕಾಗದವನ್ನು ಓದಿದವರೆಷ್ಟು ಮಂದಿ?

ಇಲ್ಲಿ ಒಂದು ಯುಕ್ತಿಯು ಪದೇ ಪದೇ ಕೇಳಿಬರುತ್ತದೆ. ಸ್ತ್ರೀಯರನ್ನು ಅಷ್ಟು ಗೌರವಿಸಿ ಹಾಡಿದವನು ಹಾಗೆ ಮಾಡಿರಲಾರನು ಎಂಬುದೇ ಆ ಯುಕ್ತಿ. ಅದಕ್ಕೆ ನಿದರ್ಶನವಾಗಿ ತೋರಿಸುವುದು 1993ರ 'ಕೀಪ್ ಯಾ ಹೆಡ್ ಅಪ್' ಎಂಬ ಹಾಡನ್ನು. ಹಾಡೇನೋ ಉತ್ತಮವಾದುದೇ. ಗಂಡಸರು ತೊರೆದುಹೋದ ತಾಯಂದಿರಿಗೆ ಧೈರ್ಯ ಹೇಳುವ ಹಾಡದು; ಅದರ ಚಲಚ್ಚಿತ್ರರೂಪವನ್ನು, 1991ರಲ್ಲಿ ಲಾಸ್ ಏಂಜಲ್ಸಿನ ಅಂಗಡಿಯೊಂದರಲ್ಲಿ ಗುಂಡಿಗೆ ಬಲಿಯಾದ ಲಟಾಷಾ ಹಾರ್ಲಿನ್ಸ್ ಎಂಬ 15 ವರ್ಷದ ಹುಡುಗಿಯ ನೆನಪಿಗೆ ಅರ್ಪಿಸಲಾಯಿತು. ಆ ಹುಡುಗಿಯನ್ನು ಕೊಂದ ಅಂಗಡಿಯಾಕೆಗೆ ಒಂದು ದಿನದ ಸೆರೆಯನ್ನೂ ವಿಧಿಸದೆ ನ್ಯಾಯಾಲಯವು ಕಳುಹಿಸಿಕೊಟ್ಟಿತೆಂಬುದನ್ನು ಕೇಳಿದವರಿಗೆ, ಆ ಅರ್ಪಣೆಯ ಬೆಲೆಯು ತಿಳಿಯುತ್ತದೆ. ಆದರೆ ಅದೇ ಸಂಪುಟದಲ್ಲಿ, ಅದೇ ಕಂಠದಿಂದ, 'ಐ ಗೆಟ್ ಅರೌಂಡ್' ಎಂಬ ಹಾಡೂ ಇದೆ; ಅದರಲ್ಲಿ ಹೆಣ್ಣು ಒಂದು ಸಂಜೆಯ ಆಟದ ಸಾಮಾನು. ಭಕ್ತರು ಮೊದಲನೆಯ ಹಾಡನ್ನು ಸಾಕ್ಷಿಗೆ ಕರೆಯುತ್ತಾರೆ, ಎರಡನೆಯದನ್ನು ಹೊರಗೆ ನಿಲ್ಲಿಸುತ್ತಾರೆ. ಪ್ರಾಸಿಕ್ಯೂಟರು ಮಾಡುವುದಾದರೂ ಬೇರೇನು? ಅವನೂ ತನಗೆ ಬೇಕಾದ ಹಾಡನ್ನು ಕರೆದು ಬೇಡವಾದುದನ್ನು ಬಿಡುತ್ತಾನೆ. ಹಾಡು ಅಪರಾಧಕ್ಕೆ ಸಾಕ್ಷಿಯಲ್ಲವೆಂಬುದು ದಿಟವಾದರೆ, ನಿರಪರಾಧಕ್ಕೂ ಅದು ಸಾಕ್ಷಿಯಲ್ಲ. ಕಾವ್ಯಕ್ಕೆ ಕಟಕಟೆಯಿಂದ ಬಿಡುಗಡೆಯನ್ನು ಬೇಡುವವರು, ಕವಿಯನ್ನು ಕಾವ್ಯದ ಮರೆಯಲ್ಲಿ ಬಚ್ಚಿಡಲಾಗದು.

ಶ್ರೀಮತಿ ಸಿ. ಡೆಲೊರೆಸ್ ಟಕ್ಕರ್ ಅವರ ಪ್ರಸಂಗವೂ ಇದನ್ನೇ ಹೇಳುತ್ತದೆ. ಈ ಮಹನೀಯೆಯು 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರೊಡನೆ ಸೆಲ್ಮಾದ ನಡಿಗೆಯಲ್ಲಿ ನಡೆದವರು. ಪೆನ್ಸಿಲ್ವೇನಿಯಾ ಸಂಸ್ಥಾನದ ಉನ್ನತ ಪದವಿಯನ್ನು ಅಲಂಕರಿಸಿದ್ದ ಕಪ್ಪು ಮಹಿಳೆ. ರ‍್ಯಾಪ್ ಹಾಡುಗಳಲ್ಲಿ ಕಪ್ಪು ಹೆಣ್ಣುಮಕ್ಕಳಿಗೆ ಬಳಸುವ ಬೈಗುಳಗಳನ್ನು ಕೇಳಿ ನೊಂದು, ಟೈಮ್ ವಾರ್ನರ್ ಕಂಪೆನಿಯ ಷೇರುಗಳನ್ನು ಕೊಂಡು, ಪಾಲುದಾರರ ಸಭೆಯಲ್ಲಿಯೇ ಎದ್ದು ನಿಂತು ಕೇಳಿದರು. ಅವರ ಜೊತೆಗೂಡಿದ ರಾಜಕಾರಣಿಗಳ ಉದ್ದೇಶಗಳು ಏನೇ ಇರಲಿ, ಅವರ ದೂರಿನಲ್ಲಿ ಸತ್ಯವಿತ್ತು. ಅದಕ್ಕೆ ಶಕೂರನು ಕೊಟ್ಟ ಉತ್ತರವು ಹಾಡಿನಲ್ಲಿ ಅವರ ಹೆಸರನ್ನೆತ್ತಿ ಬಯ್ದುದು. ಬ್ರೆಂಡಾಳ ಕಥೆಯನ್ನು ಕಟ್ಟಿದವನಿಗೆ ತನ್ನ ತಾಯಿಗಿಂತ ಹಿರಿಯಳಾದ ಸ್ತ್ರೀಯೊಬ್ಬಳ ಪ್ರಶ್ನೆಗೆ ಬೈಗುಳವಲ್ಲದೆ ಬೇರೆ ಮಾತು ಹೊಳೆಯಲಿಲ್ಲ. ಕಂಪೆನಿಯು ಕೊಟ್ಟ ಉತ್ತರವು ಇನ್ನೂ ಸೊಗಸಾಗಿತ್ತು. 1995ರಲ್ಲಿ ಟೈಮ್ ವಾರ್ನರಿನವರು, ಶಕೂರನ ಹಾಡುಗಳನ್ನು ಹೊರಡಿಸುತ್ತಿದ್ದ ಇಂಟರ್‌ಸ್ಕೋಪ್ ಸಂಸ್ಥೆಯಲ್ಲಿನ ತಮ್ಮ ಪಾಲನ್ನು ಮಾರಿ ಕೈ ತೊಳೆದುಕೊಂಡರು. ಮರುವರ್ಷ ಎಂಸಿಎ ಕಂಪೆನಿಯವರು ಅದನ್ನು ಕೊಂಡರು. ನೀತಿಯು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು. ಹಾಡುಗಳು ಮೊದಲಿನಂತೆಯೇ ಮಾರಾಟವಾದುವು.

ಸೆರೆಯಲ್ಲಿದ್ದಾಗಲೇ, 1995ರ ಮಾರ್ಚಿಯಲ್ಲಿ, 'ಮಿ ಅಗೇನ್ಸ್ಟ್ ದ ವರ್ಲ್ಡ್' ಎಂಬ ಸಂಪುಟವು ಪ್ರಕಟವಾಗಿ ಮಾರಾಟದಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಶಕೂರನ ಕೃತಿಗಳಲ್ಲಿ ಇದೇ ಶ್ರೇಷ್ಠವಾದುದು. ತಾಯಿಯನ್ನು ಕುರಿತ 'ಡಿಯರ್ ಮಾಮಾ' ಇದರಲ್ಲಿದೆ. ತಾಯಿಯ ವ್ಯಸನವನ್ನು ಮುಚ್ಚಿಡದೆ, ಆಕೆಯ ಹಿರಿಮೆಯನ್ನೂ ಕುಗ್ಗಿಸದೆ ಮಗನು ಸಲ್ಲಿಸಿದ ಕೃತಜ್ಞತೆಯದು. ತಾಯಂದಿರನ್ನು ದೇವತೆಗಳನ್ನಾಗಿ ಮಾಡಿ ಕೈಮುಗಿದು ಕುಳ್ಳಿರಿಸುವ ಕವಿತೆಗಳನ್ನು ಓದಿ ಬೇಸತ್ತವರು ಕೇಳತಕ್ಕದ್ದು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ಕಾಪಿಡತಕ್ಕ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ಹಾಡಿಗೆ ಸಮಾಜದಲ್ಲಿ ಸ್ಥಾನವಿಲ್ಲವೆಂಬ ತೀರ್ಪಿಗೂ ಈ ಪಟ್ಟಿಗೂ ನಡುವೆ 18 ವರ್ಷಗಳು ಕಳೆದಿದ್ದುವು.

ಉಳಿದ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1995ರ ಅಕ್ಟೋಬರಿನಲ್ಲಿ ಡೆತ್ ರೋ ಎಂಬ ಸಂಸ್ಥೆಯ ಒಡೆಯನಾದ ಸೂಜ್ ನೈಟನು 14 ಲಕ್ಷ ಡಾಲರುಗಳ ಜಾಮೀನಿಗೆ ಏರ್ಪಾಡು ಮಾಡಿ, ಮೇಲ್ಮನವಿಯು ಇತ್ಯರ್ಥವಾಗುವವರೆಗೆ ಅವನನ್ನು ಬಿಡಿಸಿಕೊಂಡು ಬಂದನು. ಪ್ರತಿಯಾಗಿ ಸಂಪುಟಗಳಿಗೆ ಕರಾರು ಬರೆಯಿಸಿಕೊಂಡನು. ಸೆರೆಮನೆಯಿಂದ ಹೊರಬಂದವನು ಸಾಲದ ಮನೆಯನ್ನು ಹೊಕ್ಕನು. 1996ರ ಫೆಬ್ರವರಿಯಲ್ಲಿ 27 ಹಾಡುಗಳ 'ಆಲ್ ಐಸ್ ಆನ್ ಮಿ' ಹೊರಬಂದಿತು. ವೇಗವೂ ಅಬ್ಬರವೂ ಹೆಚ್ಚಿದುವು, ಕನಿಕರವು ಇಳಿಯಿತು. ಜೂನಿನಲ್ಲಿ, ಹಳೆಯ ಗೆಳೆಯನಾಗಿದ್ದ ನಟೋರಿಯಸ್ ಬಿ.ಐ.ಜಿ. ಎಂಬ ಹಾಡುಗಾರನನ್ನೂ ಅವನ ಹೆಂಡತಿಯನ್ನೂ ಹೀನಾಯವಾಗಿ ನಿಂದಿಸುವ ಹಾಡು ಬಂದಿತು. ಅದನ್ನು ನಿಂದಾಸ್ತುತಿಯ ಮೇರುಕೃತಿಯೆಂದು ಹೊಗಳುವವರಿದ್ದಾರೆ. ಕಲ್ಗಿತುರಾಯಿಯ ಸವಾಲ್‌ಜವಾಬಿನಲ್ಲಿ ಎದುರಾಳಿಯ ವಿದ್ಯೆಯನ್ನು ಹಳಿಯುವುದುಂಟು. ಅವನ ಹೆಂಡತಿಯನ್ನು ಬೀದಿಗೆಳೆಯುವುದು ವಿದ್ಯೆಯಲ್ಲ. ಸೆಪ್ಟೆಂಬರ್ 7ರ ರಾತ್ರಿ ಲಾಸ್ ವೇಗಾಸಿನಲ್ಲಿ ಮೈಕ್ ಟೈಸನ್ನನ ಮುಷ್ಟಿಯುದ್ಧವನ್ನು ನೋಡಿ, ಅಲ್ಲಿಯೇ ಒಬ್ಬನನ್ನು ಹೊಡೆದು, ಹೊರಟ ಮೋಟಾರಿನಲ್ಲಿ ಕುಳಿತಿದ್ದಾಗ ಪಕ್ಕಕ್ಕೆ ಬಂದ ವಾಹನದಿಂದ ಗುಂಡುಗಳು ಹಾರಿದುವು. ಆರು ದಿನಗಳ ಬಳಿಕ ಪ್ರಾಣ ಹೋಯಿತು. 1997ರ ಮಾರ್ಚ್ 9ರಂದು ನಟೋರಿಯಸ್ ಬಿ.ಐ.ಜಿ.ಯೂ ಲಾಸ್ ಏಂಜಲ್ಸಿನಲ್ಲಿ ಹಾಗೆಯೇ ಕೊಲೆಯಾದನು. ಅವನಿಗೆ 24 ವರ್ಷ. ಶಕೂರನ ಕೊಲೆಯ ಸಂಬಂಧವಾಗಿ ಒಬ್ಬನ ಬಂಧನವಾಗಬೇಕಾದರೆ 2023ರ ಸೆಪ್ಟೆಂಬರ್ ಬರಬೇಕಾಯಿತು. ಅವನು ತಾನು ನಿರಪರಾಧಿಯೆಂದು ಹೇಳಿಕೊಂಡಿದ್ದಾನೆ. ಹಾಡಿನಿಂದ ಸಮಾಜವು ಕೆಡುತ್ತದೆಂದು ತಿಂಗಳುಗಳೊಳಗೆ ಕಂಡುಹಿಡಿದ ಸಮಾಜಕ್ಕೆ, ಹಾಡುಗಾರನ ಕೊಲೆಗಾಗಿ ಒಬ್ಬನನ್ನು ಬಂಧಿಸುವುದಕ್ಕೆ 27 ವರ್ಷಗಳು ಬೇಕಾದುವು.

ಬದುಕಿದ್ದಾಗ ಶಕೂರನು ತನ್ನೊಬ್ಬನ ಹೆಸರಿನಲ್ಲಿ ಪ್ರಕಟಿಸಿದ ಸಂಪುಟಗಳು ನಾಲ್ಕು. ಸತ್ತ ಮೇಲೆ ಹೊರಬಂದವು ಅದಕ್ಕಿಂತ ಹೆಚ್ಚು. ಇವುಗಳಲ್ಲಿ ಮೊದಲನೆಯದನ್ನು ಅವನೇ ಮುಗಿಸಿದ್ದನು. 1999ರಲ್ಲಿ ಪ್ರಕಟವಾದ ಅವನ ತಾರುಣ್ಯದ ಕವಿತೆಗಳ ಪುಸ್ತಕಕ್ಕೂ ಆಕ್ಷೇಪವಿಲ್ಲ. ಕವಿತೆಗಳು ಎಳಸಾದರೂ ಅವನವೇ. ಆದರೆ 2004ರ ಸಂಪುಟದಲ್ಲಿ ಎಮಿನೆಮ್ ಎಂಬ ಹಾಡುಗಾರನು ಸತ್ತವನ ಕಂಠದ ವೇಗವನ್ನೂ ಶ್ರುತಿಯನ್ನೂ ಹೊಸ ತಾಳಗಳಿಗೆ ಹೊಂದುವಂತೆ ಎಳೆದು ಕುಗ್ಗಿಸಿದನು. ತಾಯಿಯ ಒಪ್ಪಿಗೆಯಿಂದಲೇ ಇದು ನಡೆಯಿತೆಂಬುದು ನಿಜ. ಆಕೆಯು ಆ ಹಣದಿಂದ ಜಾರ್ಜಿಯಾದಲ್ಲಿ ಮಕ್ಕಳಿಗಾಗಿ ಒಂದು ಕಲಾಕೇಂದ್ರವನ್ನು ನಡೆಯಿಸಿದಳೆಂಬುದೂ ನಿಜ. ಹೆತ್ತವಳ ಹಕ್ಕನ್ನು ಯಾರೂ ಕಸಿಯಬೇಕಿಲ್ಲ. ಆದರೆ ಪೆಟ್ಟಿಗೆ ಮುಂದಾಗಿಯೋ ಹಿಂದಾಗಿಯೋ ಮಾತನ್ನು ಇಳಿಸುವುದೇ ಈ ಕಾವ್ಯದ ಜೀವವೆಂದ ಮೇಲೆ, ಆ ಇಳಿತವನ್ನೇ ಬದಲಿಸಿದ ಬಳಿಕ ಉಳಿಯುವುದು ಯಾರ ಕಾವ್ಯ? ಅಪರಾಧಿಯೆಂದು ಬಯ್ದವರು ಅವನ ಮಾತನ್ನು ಬಾಯಿಮುಚ್ಚಿಸಲು ನೋಡಿದರು; ಒಲಿದವರು ಅವನ ಬಾಯಲ್ಲಿ ತಮ್ಮ ತಾಳವನ್ನು ತುರುಕಿದರು.

2024ರ ಏಪ್ರಿಲಿನಲ್ಲಿ ಡ್ರೇಕ್ ಎಂಬ ಹಾಡುಗಾರನು ತನ್ನ ಎದುರಾಳಿಯಾದ ಕೆಂಡ್ರಿಕ್ ಲಮಾರನನ್ನು ಹಳಿಯಲು, ಕೃತಕ ಬುದ್ಧಿಯ ಯಂತ್ರದಿಂದ ಶಕೂರನ ಕಂಠವನ್ನು ಅನುಕರಿಸಿ ಒಂದು ಹಾಡನ್ನು ಹೊರಡಿಸಿದನು. ಶಕೂರನ ಆಸ್ತಿಯ ಆಡಳಿತದವರು ಕಾನೂನಿನ ನೋಟೀಸು ಕಳುಹಿಸಿದರು, ಹಾಡನ್ನು ಹಿಂದೆಗೆದುಕೊಳ್ಳಲಾಯಿತು. ಸತ್ತವನ ಬಾಯಿಂದ ಅವನಾಡದ ಮಾತನ್ನು ಆಡಿಸುವುದು ಅಕ್ರಮವೆಂಬ ಮಾತು ಆಗ ಎಲ್ಲೆಡೆ ಕೇಳಿಬಂದಿತು. ಅದಕ್ಕೆ 12 ವರ್ಷಗಳ ಮುಂಚೆ, 2012ರ ಏಪ್ರಿಲಿನಲ್ಲಿ, ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಯ ಮೇಲೆ ಯಂತ್ರಜ್ಞರು ಬೆಳಕಿನಿಂದ ಶಕೂರನ ಆಕೃತಿಯನ್ನು ಎಬ್ಬಿಸಿ ನಿಲ್ಲಿಸಿದ್ದರು. ಹೊಟ್ಟೆಯ ಮೇಲಣ ಹಚ್ಚೆಯೂ ಕಾಣುತ್ತಿತ್ತು. ಆ ಉತ್ಸವವು ಮೊದಲಾದುದು 1999ರಲ್ಲಿ, ಅವನು ಸತ್ತು ಮೂರು ವರ್ಷಗಳಾದ ಮೇಲೆ. ಆ ಆಕೃತಿಯು ಬಾಯಿ ತೆರೆದು, ಉತ್ಸವದ ಹೆಸರನ್ನು ಹಿಡಿದೇ ಸಭಿಕರನ್ನು ಕೂಗಿ ಕರೆಯಿತು. ಸಭೆಯು ಕೇಕೆ ಹಾಕಿತು.